ಚೌಕಕ್ಕೆ ಬಂದ ತಲೆಬಾಗಿಲು

ಬಿಳಿಗಲ್ಲುಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದು ಕೋಟೆಯ ಕಡೆಗೆ ನಡೆದರೆ, ಪೇಟೆ ಬೀದಿ ಮುಗಿಯುವಲ್ಲಿ ಒಂದು ದೊಡ್ಡ ಚೌಕ ಸಿಗುತ್ತದೆ. ಅದರ ಒಂದು ಬದಿಗೆ ಹಳೆಯ ಅರಮನೆಯ ಮುರಿದ ಹೆಬ್ಬಾಗಿಲಿದೆ. ಎದುರು ಬದಿಗೆ ಹಿತ್ತಾಳೆ ಪಾತ್ರೆಯ ಅಂಗಡಿಗಳು, ಒಂದು ಕಾಫಿ ಹೋಟೆಲು, ಆಟೋಗಳು ನಿಲ್ಲುವ ಬೇವಿನ ಮರ. ಚೌಕದ ನಡುವೆ ದುಂಡನೆಯ ಒಂದು ಕಟ್ಟೆ, ಕಟ್ಟೆಯ ಮೇಲೆ ಚೌಕದಮ್ಮನೆಂದು ಕರೆಯುವ ಮೊಳದೆತ್ತರದ ಕಪ್ಪು ಕಲ್ಲು. ಇಷ್ಟೇ ಆಗಿದ್ದರೆ ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಇರುವಂಥದ್ದೇ ಎನ್ನಬಹುದಿತ್ತು. ಆದರೆ ಈ ಕಟ್ಟೆಯ ಸುತ್ತ ಮೂವತ್ತೊಂದು ಕಲ್ಲಿನ ಬಾಗಿಲ ಚೌಕಟ್ಟುಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಅವುಗಳ ನಡುವೆ ಗೋಡೆಯಿಲ್ಲ, ಮೇಲೆ ಚಾವಣಿಯಿಲ್ಲ, ಚೌಕಟ್ಟುಗಳಿಗೆ ಕದಗಳೂ ಇಲ್ಲ. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಒಂದರ ಮೇಲೆ ಗಿಳಿಸಾಲು ಕೆತ್ತಿದ್ದರೆ ಪಕ್ಕದ್ದು ಬರಿಯ ಬೋಳು ಕಲ್ಲು. ಪೂರ್ವಕ್ಕಿರುವ ಒಂದು ಚೌಕಟ್ಟಂತೂ ಎಷ್ಟು ಗಿಡ್ಡವೆಂದರೆ, ಅದರೊಳಗೆ ಹೋಗಬೇಕಾದರೆ ದೊಡ್ಡವರು ಸೊಂಟದಿಂದಲೇ ಬಗ್ಗಬೇಕು.

ಈ ಗುಡಿಯ ಹೆಸರು ತಲೆಬಾಗಿಲ ಗುಡಿ. ಚೌಕದ ಮೂಲೆಯಲ್ಲಿ ಇತ್ತೀಚೆಗೆ ನೆಟ್ಟಿರುವ ನೀಲಿ ಫಲಕದಲ್ಲಿ ಅದನ್ನು 'ತಲೆಬಾಗುವ ಗುಡಿ' ಎಂದು ಬರೆದು, ಭಕ್ತರು ಇಲ್ಲಿ ತಲೆಬಾಗಿ ದೇವಿಯ ಕೃಪೆಗೆ ಪಾತ್ರರಾಗುತ್ತಾರೆ ಎಂದು ಕೆಳಗೆ ಸೇರಿಸಿದ್ದಾರೆ. ಬರೆದವರಿಗೆ ಕೆಟ್ಟ ಉದ್ದೇಶ ಇರಲಾರದು. ಆದರೆ ಇದಕ್ಕಿಂತ ದೊಡ್ಡ ತಪ್ಪನ್ನು ಬರೆಯುವುದು ಕಷ್ಟ. ಈ ಊರಿನವರು ಪಕ್ಕದ ಹಳ್ಳಿಯ ಆಂಜನೇಯನಿಗೆ ಬಗ್ಗುತ್ತಾರೆ, ಹಿರಿಯರ ಕಾಲಿಗೆ ಬಗ್ಗುತ್ತಾರೆ. ಚೌಕದಮ್ಮನ ಮುಂದೆ ಮಾತ್ರ ಕತ್ತು ನೇರವಾಗಿಟ್ಟು, ಕೈ ಮುಗಿದು, ನಿಂತುಕೊಳ್ಳುತ್ತಾರೆ. ಪರವೂರಿನ ಯಾರಾದರೂ ಅಭ್ಯಾಸಬಲದಿಂದ ಅಡ್ಡಬೀಳಲು ಹೋದರೆ ಹೂ ಮಾರುವ ಹೆಂಗಸರು ಕೂತಲ್ಲಿಂದಲೇ 'ಏಳಪ್ಪ, ಇಲ್ಲಿ ಅದೆಲ್ಲ ಇಲ್ಲ' ಎನ್ನುತ್ತಾರೆ. ಇದರ ಹಿಂದಿನ ಕಥೆಯನ್ನು ನಾನು ಕೇಳಿದ್ದು ನನ್ನ ಹೆಂಡತಿಯಿಂದ. ಅವಳು ಈ ಚೌಕದ ಹಿಂದಿನ ಓಣಿಯವಳು. ನಾನು ಹೇಳುವಾಗ ಎಲ್ಲಾದರೂ ತಪ್ಪಿದರೆ ತಿದ್ದುವುದಕ್ಕೆ ಹೋದ ವರ್ಷದವರೆಗೆ ಅವಳಿದ್ದಳು. ಈಗ ನನಗೆ ನೆನಪಿರುವಷ್ಟನ್ನು, ಕೇಳಿದ ಹಾಗೆಯೇ ಬರೆಯುತ್ತೇನೆ.

ಹಿಂದೆ, ಕೋಟೆಯಲ್ಲಿ ಇನ್ನೂ ಪಾಳೆಯಗಾರರ ಆಳ್ವಿಕೆ ಇದ್ದ ಕಾಲ. ಪಟ್ಟಕ್ಕೆ ಬಂದ ನಾಯಕ ತೊಟ್ಟಿಲ ಮಗುವಾಗಿದ್ದರಿಂದ ಅಧಿಕಾರವೆಲ್ಲ ಸಿಂಗಪ್ಪನೆಂಬ ದಳವಾಯಿಯ ಕೈಯಲ್ಲಿತ್ತು. ಆಗ ಚೌಕದಮ್ಮನಿಗೆ ಕಟ್ಟೆಯೊಂದೇ ಇತ್ತು, ಸುತ್ತ ಏನೂ ಇರಲಿಲ್ಲ. ಊರಿನ ಜಗಳಗಳು ಆ ಕಟ್ಟೆಯ ಮುಂದೆ ತೀರುತ್ತಿದ್ದವು. ಆಣೆ ಇಡುವುದಿದ್ದರೆ ಅಲ್ಲಿ ಇಡುತ್ತಿದ್ದರು. ಅರಮನೆಯ ಆಳು ತಪ್ಪು ಮಾಡಿದರೂ ಅವನನ್ನು ಅಲ್ಲಿಗೇ ಕರೆಸುತ್ತಿದ್ದರು, ಅವನು ಬರುತ್ತಲೂ ಇದ್ದ. ದಳವಾಯಿಗೆ ಸಹಿಸಲು ಆಗದೆ ಹೋದದ್ದು ಇದೇ ಎನ್ನುತ್ತಾರೆ. ತನ್ನ ಹೆಬ್ಬಾಗಿಲಿನ ಎದುರಿಗೇ ತನ್ನದಲ್ಲದ ಒಂದು ನ್ಯಾಯಸ್ಥಾನ ಇರುವುದು ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಕಟ್ಟೆಗೆ ದಿನಾ ಬೆಳಿಗ್ಗೆ ನೀರು ಹಾಕುವ ಸೇವೆ ಬೊಮ್ಮಲಿಂಗನದು. ಕಂಬಳಿ ನೇಯ್ದು ಬದುಕುತ್ತಿದ್ದ ಅವನ ಮನೆ ಚೌಕದ ಪೂರ್ವಕ್ಕೆ, ಓಣಿಯ ಬಾಯಲ್ಲೇ ಇತ್ತು. ಮನೆ ಚಿಕ್ಕದು, ಬಾಗಿಲು ಇನ್ನೂ ಚಿಕ್ಕದು. ಎತ್ತರದ ಆಳಾದ ಅವನು ಹಣೆ ಬಡಿಸಿಕೊಳ್ಳದೆ ಒಳಗೆ ಬಂದ ದಿನ ಮಳೆ ಬರುತ್ತದೆ ಎಂದು ಅವನ ಹೆಂಡತಿ ಹಾಲಮ್ಮ ತಮಾಷೆ ಮಾಡುತ್ತಿದ್ದಳಂತೆ. ಅವತ್ತು ಹಬ್ಬವಲ್ಲ, ಸಂತೆಯೂ ಅಲ್ಲ. ಹಾಲಮ್ಮ ಒಲೆಯ ಮೇಲೆ ಎಸರಿಟ್ಟು, 'ಅಲ್ಲಿ ಇಲ್ಲಿ ಮಾತಾಡ್ತಾ ನಿಲ್ಲಬೇಡಿ, ಬಿಸಿ ಇದ್ದಂಗೇ ಬನ್ನಿ' ಎಂದಳು. ಅವನು ಕೊಡ ಹೊತ್ತು ಹೊರಟ. ಚೌಕಕ್ಕೆ ಹೋಗಿ ನೋಡಿದರೆ ಕಟ್ಟೆಯ ಮೇಲೆ ಅಮ್ಮನಿರಲಿಲ್ಲ. ಅವಳಿದ್ದ ಜಾಗದಲ್ಲಿ ಒಂದು ಬೆಳ್ಳಿಯ ತಟ್ಟೆ, ತಟ್ಟೆಯಲ್ಲಿ ದಳವಾಯಿಯ ಮರದ ಪಾವುಗೆಗಳು. ಪಕ್ಕದಲ್ಲಿ ಇಬ್ಬರು ಕಾವಲಿನವರು.

'ಅಮ್ಮ ಎಲ್ಲಿ?' ಎಂದು ಬೊಮ್ಮಲಿಂಗ ಕೇಳಿದ.

'ಅರಮನೆ ಒಳಕ್ಕೆ ಹೋದಳು. ಇನ್ನು ಮೇಲೆ ಇದಕ್ಕೇ ನೀರು ಹಾಕು, ಅಡ್ಡಬೀಳು.'

'ನೀರು ಹಾಕಿದರೆ ಮರ ಉಬ್ಬುತ್ತಪ್ಪ. ಆಮೇಲೆ ನಿಮ್ಮ ಧಣಿ ಕಾಲಿಗೆ ಹಿಡಿಸಲ್ಲ' ಎಂದು ಅವನು ಕೊಡವನ್ನು ಕೆಳಗಿಟ್ಟು, ನೇರವಾಗಿ ನಿಂತುಬಿಟ್ಟ. ಕಾವಲಿನವರಲ್ಲಿ ಒಬ್ಬನಿಗೆ ನಗು ಬಂತು, ಇನ್ನೊಬ್ಬನಿಗೆ ಭಯವಾಯಿತು. ಬಗ್ಗು ಎಂದರೆ ಬಗ್ಗಲಿಲ್ಲ. ಕತ್ತು ಹಿಡಿದು ಅದುಮಿದರೂ ಬಗ್ಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನನ್ನು ಹೆಬ್ಬಾಗಿಲಿನೊಳಗೆ ಎಳೆದುಕೊಂಡು ಹೋದರು. ಕೊಡ ಕಟ್ಟೆಯ ಬುಡದಲ್ಲೇ ಉಳಿಯಿತು. ಎಸರು ಕುದಿದು ಬತ್ತಿದ ಮೇಲೆ ಹಾಲಮ್ಮ ಹುಡುಕಿಕೊಂಡು ಬಂದಾಗ ಅವಳಿಗೆ ಸಿಕ್ಕಿದ್ದು ಅದೊಂದೇ.

ಅವತ್ತಿನಿಂದ ಹಾಲಮ್ಮ ದಿನವೂ ಹೆಬ್ಬಾಗಿಲಿಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದಳು. ಕಾವಲಿನವರು ಬುತ್ತಿ ಇಸಿದುಕೊಳ್ಳುತ್ತಿದ್ದರು, ಅವನ ಸುದ್ದಿ ಹೇಳುತ್ತಿರಲಿಲ್ಲ. ಅವಳು ತನ್ನ ಮನೆಯ ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಳು. ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟು ಕಳಿಸಿದರೆ ನಮ್ಮನೆಯವರು ಹೊರಗೆ ನಿಂತು ಕರೆಯುವ ಹಾಗೆ ಆಗಬಾರದು ಎಂದು ಕೇಳಿದವರಿಗೆ ಹೇಳುತ್ತಿದ್ದಳಂತೆ.

ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಅರಮನೆಯಿಂದ ಡಂಗುರ ಬಂತು. ಸಾರುವವನು ಚೌಕದ ನಾಲ್ಕು ಮೂಲೆಯಲ್ಲೂ ನಿಂತು, ಅರಮನೆಯವರು ಬಾಯಿಪಾಠ ಮಾಡಿಸಿದ್ದ ಮಾತನ್ನು ಅಕ್ಷರ ತಪ್ಪದೆ ಕೂಗಿದ: 'ಬರುವ ಹುಣ್ಣಿಮೆಯ ಬೆಳಿಗ್ಗೆ ಚೌಕಕ್ಕೆ ಪ್ರತಿ ಮನೆಯಿಂದಲೂ ತಲೆಬಾಗಲು ಬರತಕ್ಕದ್ದು. ಬಾರದ ಮನೆಯವರು ಊರು ಬಿಡತಕ್ಕದ್ದು. ಬೊಮ್ಮಲಿಂಗನ ಮನೆಯಿಂದಲೂ ತಲೆಬಾಗಲು ಬಂದರೆ ಅವನ ಸೆರೆ ಬಿಡಿಸಲಾಗುವುದು.'

ಇಲ್ಲಿ ಒಂದು ಮಾತನ್ನು ವಿವರಿಸಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನಾವು ಬಾಗಿಲು ಎಂದು ಬರೆಯುವುದನ್ನು ಈ ಊರಿನವರು ಬಾಗಲು ಎನ್ನುತ್ತಾರೆ. ಮನೆಯ ಮುಂಬಾಗಿಲು, ಅಂದರೆ ತಲೆಬಾಗಿಲು, ಅವರ ಬಾಯಲ್ಲಿ ತಲೆಬಾಗಲು. ಇನ್ನು ತಲೆ ತಗ್ಗಿಸುವುದಕ್ಕೆ ಅವರು ಬಾಗುವುದು ಎನ್ನುವುದಿಲ್ಲ, ಬಗ್ಗಿಸುವುದು ಎನ್ನುತ್ತಾರೆ. ಬಾಗುವುದು ಆಸ್ಥಾನದ ಮಾತು, ಬಗ್ಗುವುದು ಓಣಿಯ ಮಾತು. ದಳವಾಯಿಯ ಆಜ್ಞೆ ಆಸ್ಥಾನದ ಮಾತಿನಲ್ಲಿತ್ತು. ಆದರೂ ಅದರ ಅರ್ಥ ಯಾರಿಗೂ ಆಗದೆ ಉಳಿಯಲಿಲ್ಲ. ಪಾವುಗೆ ಕಣ್ಣೆದುರಿಗೇ ಇತ್ತು.

ಅರ್ಥವಾಗದೆ ಹೋದದ್ದು ಒಬ್ಬಳಿಗೆ ಮಾತ್ರ, ಕಿವಿ ಮಂದವಾಗಿದ್ದ ಕೆಂಚಜ್ಜಿಗೆ. ಆ ಮಧ್ಯಾಹ್ನ ಸೇದೋ ಬಾವಿಯ ಹತ್ತಿರ ಹೆಂಗಸರು ಇದನ್ನೇ ಮಾತಾಡುತ್ತಿದ್ದರು. ಹಾಲಮ್ಮನ ಮೈದುನ ಅಲ್ಲಿಗೇ ಬಂದು, ಕೈ ಮುಗಿಯುವುದೊಂದು ಬಾಕಿ ಎನ್ನುವ ಹಾಗೆ ಕೇಳಿಕೊಳ್ಳುತ್ತಿದ್ದ. 'ಅತ್ತಿಗೆ, ಒಂದೇ ಒಂದು ಸಲ ಬಗ್ಗಿಸಿಬಿಡಿ. ಕತ್ತೇನು ಮುರಿದು ಬೀಳಲ್ಲ. ಅಣ್ಣ ಮನೆಗೆ ಬರ್ತಾನೆ.'

'ಬಂದು, ಯಾಕೆ ಬಗ್ಗಿದೆ ಅಂತ ಕೇಳಿದರೆ ಏನು ಹೇಳಲಿ?' ಎಂದಳು ಹಾಲಮ್ಮ. 'ಬಗ್ಗದೆ ಇದ್ದು, ಅವರೇ ಬರದಿದ್ದರೆ, ನನಗೆ ನಾನೇ ಏನು ಹೇಳಿಕೊಳ್ಳಲಿ? ಅದೂ ಗೊತ್ತಿಲ್ಲ. ಸುಮ್ಮನಿರಪ್ಪ.'

ಆಗಲೇ ಕೆಂಚಜ್ಜಿ ಕೊಡ ಎತ್ತುತ್ತಾ, 'ಅಲ್ರೇ, ಅರಮನೇಲಿ ಅಷ್ಟೊಂದು ಬಾಗಲು ಇಟ್ಕೊಂಡು ನಮ್ಮ ಬಾಗಲು ಯಾತಕ್ಕಂತೆ ಆ ದಳವಾಯಿಗೆ? ನಮ್ಮನೇದು ಗೆದ್ದಲು ಹಿಡಿದೈತೆ, ಆಗುತ್ತಾ ಕೇಳ್ರಿ' ಎಂದಳು.

ಬಾವಿಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರಿಂದ ನಗು ಬೇಗ ನಿಲ್ಲಲಿಲ್ಲ. ಹಾಲಮ್ಮ ಮಾತ್ರ ನಗಲಿಲ್ಲ. ಅವಳು ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ, ಬಾಗಿಲ ಮುಂದೆ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗಿಂದ ಗುದ್ದಲಿ ತಂದು ಚೌಕಟ್ಟಿನ ಪಕ್ಕದ ಮಣ್ಣನ್ನು ಕೆರೆಯತೊಡಗಿದಳು. ಅಜ್ಜಿಗೆ ತಪ್ಪಾಗಿ ಕೇಳಿಸಿದ್ದು ಅವಳಿಗೆ ಸರಿಯಾಗಿ ಕೇಳಿಸಿತು. ಅರಮನೆ ಕೇಳಿದ್ದನ್ನು ಅಕ್ಷರ ತಪ್ಪದೆ ಕೊಡಬಹುದು; ಗಂಡನನ್ನು ಬಿಡಿಸಿಕೊಳ್ಳಬಹುದು; ಬಗ್ಗಬೇಕಾಗಿಯೂ ಇಲ್ಲ. ಮೈದುನ ಓಡಿ ಬಂದು, 'ಅತ್ತಿಗೆ, ತಲೆ ಕೆಟ್ಟಿತಾ?' ಎಂದಾಗ, 'ಡಂಗುರದಲ್ಲಿ ಏನು ಕೂಗಿದರು, ನೀನೇ ಹೇಳು' ಎಂದಳಂತೆ. ಅವನು ಹೇಳಿದ. ಇನ್ನೊಂದು ಸಲ ಹೇಳು ಎಂದಳು. ಎರಡನೆಯ ಸಲ ಹೇಳುವಾಗ ಅರ್ಧಕ್ಕೆ ನಿಲ್ಲಿಸಿ, ಅವನೂ ಒಂದು ಗುದ್ದಲಿ ತರಲು ಹೋದ.

ಮನೆಯ ತಲೆಬಾಗಿಲನ್ನು ಕೀಳುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಹೊಸ್ತಿಲಿಗೆ ದಿನಾ ಅರಿಸಿನ ಕುಂಕುಮ ಹಚ್ಚುತ್ತೇವೆ, ಅದನ್ನು ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ. ಸೊಸೆ ಬರುವುದು ಅದನ್ನು ದಾಟಿ, ಹೆಣ ಹೋಗುವುದೂ ಅದನ್ನು ದಾಟಿ. ಹೀಗಿರುವಾಗ ಒಂದು ಓಣಿಯ ಹೆಂಗಸು ಹೊಸ್ತಿಲು ಸಮೇತ ಬಾಗಿಲು ಕೀಳುತ್ತಿದ್ದಾಳೆ ಎಂದರೆ ಊರು ಸುಮ್ಮನಿರುವುದು ಹೇಗೆ? ಬೈದವರಿದ್ದರು. ಹೆದರಿದವರಿದ್ದರು. ಆದರೆ ಹುಣ್ಣಿಮೆ ಹತ್ತಿರವಾದಂತೆ ಒಂದೊಂದೇ ಮನೆಯ ಮಣ್ಣಿನ ಗೋಡೆಯಲ್ಲಿ ಚೌಕಟ್ಟುಗಳು ಸಡಿಲವಾಗುತ್ತಾ ಹೋದವು. ಎಲ್ಲರೂ ತರಲಿಲ್ಲ. ತಾರದ ಮನೆಗಳ ಹೆಸರುಗಳನ್ನು ಹೇಳುವವರು ಈಗಲೂ ಇದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೂ ಮಕ್ಕಳಿದ್ದರು.

ಹುಣ್ಣಿಮೆಯ ದಿನ ಬೆಳಕು ಹರಿಯುವ ಹೊತ್ತಿಗೆ ಜನ ಬಾಗಿಲುಗಳನ್ನು ಹೊತ್ತು ಬಂದರು. ಕಟ್ಟೆಯ ಸುತ್ತ ಗುಂಡಿ ತೋಡಿ ಚೌಕಟ್ಟುಗಳನ್ನು ಒಂದರ ಪಕ್ಕ ಒಂದು ನೆಟ್ಟರು. ಕಾವಲಿನವರು, ದಳವಾಯಿಯ ಸವಾರಿಗೆ ಚಪ್ಪರ ಹಾಕುತ್ತಿದ್ದಾರೆ ಎಂದುಕೊಂಡು, ಗುಂಡಿ ಎಷ್ಟು ಆಳ ಇರಬೇಕೆಂದು ಬುದ್ಧಿ ಬೇರೆ ಹೇಳಿದರಂತೆ. ನೆಟ್ಟಾದ ಮೇಲೆ ಊರಿನವರು ಆ ಸುತ್ತಿನೊಳಗೆ ಹೋಗಿ, ಕದ ಮುಚ್ಚಿ, ಒಳಗಿನಿಂದ ಅಗುಳಿ ಹಾಕಿಕೊಂಡು, ಕಟ್ಟೆಯ ಸುತ್ತ ನಿಂತರು. ಪಾವುಗೆಯನ್ನು ಯಾರೂ ಮುಟ್ಟಲಿಲ್ಲ. ಅದು ಇದ್ದಲ್ಲೇ ಇತ್ತು.

ಡೋಲು ಕಹಳೆಗಳೊಂದಿಗೆ ಹೆಬ್ಬಾಗಿಲಿನಿಂದ ಬಂದ ದಳವಾಯಿಗೆ ಕಂಡದ್ದು ಬಗ್ಗಿದ ತಲೆಗಳಲ್ಲ, ಮುಚ್ಚಿದ ಕದಗಳು. ಪ್ರತಿ ಹೊಸ್ತಿಲಿಗೂ ಹೊಸದಾಗಿ ಅರಿಸಿನ ಬಳಿದಿತ್ತು. 'ಏನಿದು?' ಎಂದು ಅವನು ಕೂಗಿದ.

ಒಳಗಿನಿಂದ ಹಾಲಮ್ಮನ ದನಿ ಬಂತು. 'ಅಪ್ಪಣೆ ಆಗಿತ್ತಲ್ಲ ಸ್ವಾಮಿ. ಪ್ರತಿ ಮನೆಯಿಂದಲೂ ತಲೆಬಾಗಲು ಬಂದೈತೆ. ಎಣಿಸಿಕೊಳ್ಳಿ.'

ಒಡೆಯಿರಿ ಎಂದು ಅವನು ಆಜ್ಞೆ ಮಾಡಿದ. ಮುಂದಿದ್ದ ಸಿಪಾಯಿ ಕೊಡಲಿ ಎತ್ತಿದವನು ಎತ್ತಿದ ಹಾಗೇ ನಿಂತ. 'ಇದು ನಮ್ಮನೇ ಬಾಗಲು, ಬುದ್ಧಿ' ಎಂದ. ಹಾಗಾದರೆ ಪಕ್ಕದ್ದನ್ನು ಒಡೆ ಎಂದರೆ, 'ಅದು ನಮ್ಮ ಮಾವನ ಮನೇದು' ಎಂದ. ಕೋಟೆಯ ಸಿಪಾಯಿಗಳೆಲ್ಲ ಆ ಓಣಿಗಳವರೇ. ಬೆಳಿಗ್ಗೆ ಹೆಂಡತಿಯೋ ತಾಯಿಯೋ ಅರಿಸಿನ ಹಚ್ಚಿದ ಹೊಸ್ತಿಲಿಗೆ ಕೊಡಲಿ ಹಾಕುವ ಕೈ ಅವರಲ್ಲಿ ಯಾರಿಗೂ ಇರಲಿಲ್ಲ. ಆಯುಧಗಳು ಒಂದೊಂದಾಗಿ ಕೆಳಗಿಳಿದವು. ದಳವಾಯಿಯ ಪಾವುಗೆ ಒಳಗಿತ್ತು, ದಳವಾಯಿ ಹೊರಗಿದ್ದ. ಅದನ್ನು ಅಲ್ಲೇ ಬಿಟ್ಟು ಹಿಂದಿರುಗಿದರೆ ಅರಮನೆಯೊಳಗೆ ಅವನಿಗೆ ಮುಖವಿರುತ್ತಿರಲಿಲ್ಲ. ಅವನು ಬಾಗಿಲುಗಳನ್ನು ತಾನೇ ತಳ್ಳುತ್ತಾ ಸುತ್ತು ಬಂದ. ಎಲ್ಲಕ್ಕೂ ಅಗುಳಿ ಬಿದ್ದಿತ್ತು. ಪೂರ್ವಕ್ಕೆ ಬಂದಾಗ ಒಂದು ಬಾಗಿಲು ಕೈ ತಾಗಿದೊಡನೆ ತೆರೆದುಕೊಂಡಿತು. ಸಾಲಿನಲ್ಲೇ ಅತ್ಯಂತ ಗಿಡ್ಡ ಬಾಗಿಲು ಅದು.

ಅವನು ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದ ಎನ್ನುತ್ತಾರೆ. ಆಮೇಲೆ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು, ತಲೆ ಬಗ್ಗಿಸಿ, ಒಳಗೆ ಬಂದ. ಒಳಗಿದ್ದವರೆಲ್ಲ ನೇರವಾಗಿ ನಿಂತಿದ್ದರು. ಯಾರೂ ನಗಲಿಲ್ಲ. ಕೆಂಚಜ್ಜಿ ಮಾತ್ರ, ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ, 'ಬಗ್ಗಿದ ನೋಡ್ರೇ' ಎಂದಳು. ಅದು ಹೆಬ್ಬಾಗಿಲಿನವರೆಗೂ ಕೇಳಿಸಿತು.

'ಇದು ಯಾರ ಬಾಗಿಲು?' ಎಂದು ಅವನು ಕೇಳಿದ.

'ನಮ್ಮದು' ಎಂದಳು ಹಾಲಮ್ಮ. 'ನಮ್ಮನೆಯವರು ಬರೋವರೆಗೂ ನಾನು ಅಗುಳಿ ಹಾಕಲ್ಲ. ಡಂಗುರದಲ್ಲಿ ಕೂಗಿದಂಗೆ ನಮ್ಮನೇ ತಲೆಬಾಗಲು ಬಂದೈತೆ. ಈಗ ಅವರನ್ನು ಬಿಡಿ.'

ದಳವಾಯಿ ಕಟ್ಟೆಯ ಕಡೆಗೆ ನಡೆದ. ಪಾವುಗೆಯನ್ನು ಎತ್ತಿಕೊಂಡ. ಅವಳು ದಾರಿಗೆ ಅಡ್ಡ ನಿಂತು ಅದೇ ಮಾತನ್ನು ಮತ್ತೆ ಹೇಳಿದಳು. ಆಗ ಅವನು, ಅವಳ ಮುಖ ನೋಡದೆ, 'ಅವನು ಅಮಾವಾಸ್ಯೆಗೆ ಮುಂಚೆಯೇ ಹೋದ. ಅಲ್ಲೇ ಮಣ್ಣು ಮಾಡಿದ್ದಾಗಿದೆ' ಎಂದ.

ಅಂದರೆ ಡಂಗುರ ಸಾರಿದ ದಿನ ಬೊಮ್ಮಲಿಂಗ ಬದುಕಿರಲಿಲ್ಲ. ಹೆಬ್ಬಾಗಿಲಿನಲ್ಲಿ ಇಸಿದುಕೊಂಡ ಬುತ್ತಿಗಳನ್ನು ಯಾರು ಉಂಡರೋ ತಿಳಿಯದು. ಸತ್ತವನನ್ನು ಬಿಡುತ್ತೇವೆ ಎಂದು ಆಸೆ ತೋರಿಸಿ ಇಡೀ ಊರಿನ ಕತ್ತನ್ನು ಕೇಳಿದ್ದರು. ಹಾಲಮ್ಮ ಅಳಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹಾಗೆ ಹೇಳಿದರೆ ಕಥೆಗೆ ಶೋಭೆ ಎಂದು ಅವರ ಭಾವನೆ. ನನ್ನ ಹೆಂಡತಿ ಅದನ್ನು ಒಪ್ಪುತ್ತಿರಲಿಲ್ಲ. ಅತ್ತಳು, ಆದರೆ ನಿಂತೇ ಅತ್ತಳು ಎಂದು ತಿದ್ದುತ್ತಿದ್ದಳು. ಅವಳ ಮಾತೇ ಸರಿ ಎಂದು ಈಗ ನನಗೆ ಗೊತ್ತು. ಅಳು ನಿಂತ ಮೇಲೆ ಹಾಲಮ್ಮ ದಾರಿ ಬಿಟ್ಟು ಸರಿದು, 'ಮನೇಲಿ ಸತ್ತಿದ್ದರೆ ಈ ಹೊಸ್ತಿಲು ದಾಟಿಸಿ ಕಳಿಸ್ತಿದ್ದೆ. ಅದನ್ನೂ ಕಿತ್ತುಕೊಂಡಿರಿ. ಹೋಗಿ. ಬಗ್ಗಿಕೊಂಡು ಹೋಗಿ, ಹಣೆಗೆ ತಾಗುತ್ತೆ' ಎಂದಳಂತೆ. ದಳವಾಯಿ ಬಂದ ಬಾಗಿಲಿನಿಂದಲೇ, ಬಂದ ಹಾಗೆಯೇ, ಹೊರಗೆ ಹೋದ.

ಆಮೇಲೆ ಬಾಗಿಲುಗಳನ್ನು ಹಿಂದಕ್ಕೆ ಒಯ್ಯಿರಿ ಎಂದು ಅರಮನೆಯಿಂದ ಅಪ್ಪಣೆ ಬಂತು. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿ ಇಲ್ಲ ಎಂದು ಊರಿನವರು ಹೇಳಿ ಕಳಿಸಿದರು. ಬಾಗಿಲಿಲ್ಲದ ಮನೆಗಳಿಗೆ ಕಳ್ಳರು ನುಗ್ಗಲಿ, ಆಗ ಬುದ್ಧಿ ಬರುತ್ತದೆ ಎಂದು ದಳವಾಯಿ ಕಾದನಂತೆ. ಜನ ಹೊಸ ಬಾಗಿಲು ಮಾಡಿಸಿಕೊಳ್ಳುವವರೆಗೆ ಒಂದು ತಂಬಿಗೆಯೂ ಕಳುವಾಗಲಿಲ್ಲ. ಕೆಲವು ವಾರಗಳ ಮೇಲೆ ಚೌಕದಮ್ಮನ ಕಲ್ಲು ಒಂದು ಎತ್ತಿನ ಗಾಡಿಯಲ್ಲಿ, ಡೋಲಿಲ್ಲದೆ ಕಹಳೆಯಿಲ್ಲದೆ, ಚೌಕದ ಅಂಚಿಗೆ ಬಂದು ಇಳಿಯಿತು. ಊರಿನವರು ಅದನ್ನು ಎತ್ತಿ ಕಟ್ಟೆಯ ಮೇಲಿಟ್ಟರು. ಮೊದಲ ನೀರು ಹಾಕಿದವಳು ಹಾಲಮ್ಮ, ಆ ಹಳೆಯ ಕೊಡದಿಂದಲೇ. ದಳವಾಯಿ ಸಿಂಗಪ್ಪ ಏನಾದನೆಂದು ಐತಿಹ್ಯ ಹೇಳುವುದಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿಲ್ಲ.

ಮರದ ಬಾಗಿಲುಗಳು ಎಷ್ಟೋ ಮಳೆಗಾಲಗಳ ಕಾಲ ಅಲ್ಲೇ ನಿಂತಿದ್ದವು. ಕದಗಳು ಮೊದಲು ಹೋದವು, ಆಮೇಲೆ ಚೌಕಟ್ಟುಗಳು ಶಿಥಿಲವಾದವು. ಆಗ ಮೊಮ್ಮಕ್ಕಳ ಕಾಲದವರು ಪ್ರತಿ ಚೌಕಟ್ಟಿನ ಅಳತೆ ಹಿಡಿದು, ಅದೇ ಎತ್ತರ, ಅದೇ ಅಗಲ, ಅದೇ ಕೆತ್ತನೆಯಲ್ಲಿ ಕಲ್ಲಿನವನ್ನು ಮಾಡಿಸಿ ನಿಲ್ಲಿಸಿದರು. ಇವತ್ತಿಗೂ ಈ ಊರಿಗೆ ಬರುವ ಸೊಸೆಯನ್ನು ಮೊದಲು ಇಲ್ಲಿಗೆ ಕರೆತಂದು, ಅವಳು ಸೇರುವ ಮನೆಯ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಸೆರಗು ತಲೆಯ ಮೇಲಿದ್ದರೆ ಸರಿಸಿ, ಗದ್ದ ಹಿಡಿದು ಮುಖ ಎತ್ತುತ್ತಾರೆ. ಕೆಂಚಜ್ಜಿಯ ಮನೆಯ ಚೌಕಟ್ಟಿನ ಮೇಲೆ ಕಲ್ಲುಕುಟಿಗರು ಗೆದ್ದಲು ತಿಂದ ಗೆರೆಗಳನ್ನೂ ಬಿಡದೆ ಕೆತ್ತಿದ್ದಾರೆ. ಮಕ್ಕಳಿಗೆ ಅದನ್ನು ತೋರಿಸಿದರೆ ಬೆರಳಿಟ್ಟು ಉದ್ದಕ್ಕೂ ಸವರುತ್ತಾರೆ. ಫಲಕವನ್ನು ತಿದ್ದಬೇಕೆಂದು ಊರಿನವರು ಕೇಳಿದ್ದಾರೆ, ಇನ್ನೂ ತಿದ್ದಿಲ್ಲ. ನೋಡಲು ಬಂದವರು ಫಲಕವನ್ನು ಓದದೆ ನೇರವಾಗಿ ಪೂರ್ವದ ಕಡೆಗೆ ಹೋಗಿ, ಆ ಗಿಡ್ಡ ಚೌಕಟ್ಟಿನ ಮುಂದೆ ಕುಳಿತು ನೋಡಲಿ. ಉಳಿದ ಮೂವತ್ತು ಚೌಕಟ್ಟುಗಳ ಒಳಬದಿಯಲ್ಲಿ ಅಗುಳಿ ತೂರಿಸುವುದಕ್ಕೆ ಒಂದೊಂದು ತೂತು ಕೊರೆದಿದ್ದಾರೆ. ಇದರಲ್ಲಿ ಕೊರೆದಿಲ್ಲ.